ಇಪ್ಪತ್ತಮೂರನೇ ನಿಮಿಷಕ್ಕೊಂದು ಸೀನು

ಪಿಟೀಲು ಟೀಚರಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯಲ್ಲೆಲ್ಲ ಮಾತು. ಮಾತು ಸುಳ್ಳಲ್ಲ. ಆದರೆ ಇಪ್ಪತ್ತೆಂಟು ವರ್ಷದಲ್ಲಿ ಆ ಕೋಪ ಒಂದು ಮಗುವಿನ ಮೇಲೂ ಬಿದ್ದದ್ದಿಲ್ಲ. ಬಿದ್ದದ್ದೆಲ್ಲ ಅಪ್ಪ ಅಮ್ಮಂದಿರ ಮೇಲೆ. ಮಗಳಿಗೆ ಕಮಾನು ನೆಟ್ಟಗೆ ಹಿಡಿಯಲು ಬರುವ ಮೊದಲೇ "ಸ್ಟೇಜ್ ಮೇಲೆ ಯಾವಾಗ ಹತ್ತಿಸ್ತೀರಿ?" ಎನ್ನುವ ಅಮ್ಮ, ಪಕ್ಕದ ಮನೆಯ ಹುಡುಗನ ಸರ್ಟಿಫಿಕೇಟನ್ನು ಫೋನಿನಲ್ಲಿ ತೋರಿಸಿ ಸ್ವಂತ ಮಗನ ಮುಖ ಸಣ್ಣದು ಮಾಡುವ ಅಪ್ಪ, ಮಗುವನ್ನು ಪಾರ್ಸಲಿನಂತೆ ಬಾಗಿಲಲ್ಲಿ ಇಳಿಸಿ ಒಂದು ಗಂಟೆಯ ಮೇಲೆ ವಾಪಸು ಪಡೆದುಕೊಂಡು ಹೋಗುವವರು. ಇವರನ್ನು ಕಂಡರೆ ಟೀಚರಿಗೆ ಮೈಯೆಲ್ಲ ಉರಿ.

"ಪಾರ್ಸಲಿಗಾದ್ರೂ ರಸೀದಿ ಕೇಳ್ತಾರೆ," ಎನ್ನುತ್ತಿದ್ದಳು ಅವರ ಅಕ್ಕ. ಅಂಚೆ ಕಚೇರಿಯ ಕೌಂಟರಿನಲ್ಲಿ ಮೂವತ್ತು ವರ್ಷ ಮೊಹರು ಕುಟ್ಟಿ ನಿವೃತ್ತಳಾದವಳು ಅವಳು. ತಂಗಿಯ ಮನೆಯ ಅಡುಗೆಮನೆಯಲ್ಲಿ ಕೂತು, ಮುಂದಿನ ಕೋಣೆಯಲ್ಲಿ ನಡೆಯುವ ಪಾಠಕ್ಕೆಲ್ಲ ಕಿವಿ ಕೊಟ್ಟು, ಕೇಳದಿದ್ದರೂ ಅಭಿಪ್ರಾಯ ಹೇಳುವುದು ಈಗ ಅವಳ ಕೆಲಸ.

ಇಂಥದೇ ಒಂದು ಕೋಪದ ದಿನ, ನಾಲ್ಕು ವರ್ಷದ ಹಿಂದೆ, ಟೀಚರ್ ಒಂದು ಕಾನೂನು ಮಾಡಿದ್ದರು. ಪ್ರತಿ ಮಗುವಿಗೂ ನೀಲಿ ರಟ್ಟಿನ ಒಂದು ಅಭ್ಯಾಸದ ಪುಸ್ತಕ. ತಾರೀಖು, ಎಷ್ಟು ನಿಮಿಷ, ಮನೆಯವರ ಸಹಿ. ದಿನಕ್ಕೆ ನಲವತ್ತು ನಿಮಿಷಕ್ಕೆ ಕಡಿಮೆ ಇರಬಾರದು. ಅಪ್ಪ ಅಮ್ಮಂದಿರನ್ನು ದಾರಿಗೆ ತಂದೆ ಎಂದು ಅವರಿಗೆ ಒಳಗೊಳಗೇ ಹೆಮ್ಮೆ. ಇಪ್ಪತ್ತೆರಡು ಮಕ್ಕಳ ಪುಸ್ತಕಗಳಲ್ಲಿ ಒಂದು ದಿನವೂ ತಪ್ಪದೆ, ಒಂದೇ ಅಳತೆಯಲ್ಲಿ ಸಹಿ ಬೀಳುತ್ತಿದ್ದದ್ದು ಒಂದರಲ್ಲಿ ಮಾತ್ರ. ಅದು ಗಡಿಯಾರ ರಿಪೇರಿಯವನ ಮಗಳದ್ದು.

ಹುಡುಗಿಗೆ ಹನ್ನೊಂದು ವರ್ಷ. ನಿಂತಲ್ಲಿ ನಿಲ್ಲದ ಅವಳನ್ನು ಅಪ್ಪ ಕರೆಯುತ್ತಿದ್ದದ್ದು 'ಸೆಕೆಂಡ್‌ಮುಳ್ಳು' ಎಂದು. ಅವಳ ಪುಸ್ತಕ ನೋಡಿದರೆ ನಲವತ್ತು, ನಲವತ್ತು, ನಲವತ್ತು. ಕಮಾನು ಎಳೆಯುವುದನ್ನು ನೋಡಿದರೆ ಎರಡು ತಿಂಗಳ ಹಿಂದೆ ಎಲ್ಲಿತ್ತೋ ಅಲ್ಲೇ. ಅದೇ ಮೂರನೇ ಸಾಲಿನಲ್ಲಿ ಅದೇ ಮುಗ್ಗರಿಕೆ. ವಿಚಿತ್ರವೆಂದರೆ ಅವಳ ಎಡಗೈ ಬೆರಳ ತುದಿಗಳು ಮಾತ್ರ ಗಟ್ಟಿಯಾಗುತ್ತಲೇ ಇದ್ದವು. ಅಭ್ಯಾಸ ಮಾಡದವರ ಬೆರಳು ಹಾಗಾಗುವುದಿಲ್ಲ. ಮಾಡಿದವರ ಕಮಾನು ಹೀಗಿರುವುದಿಲ್ಲ. ಟೀಚರಿಗೆ ಈ ಲೆಕ್ಕ ಬಗೆಹರಿಯಲಿಲ್ಲ.

ಒಂದು ಮಂಗಳವಾರ ಬೆಳಿಗ್ಗೆ ಹುಡುಗಿಯ ಅಪ್ಪನೇ ಬಾಗಿಲಲ್ಲಿ ನಿಂತಿದ್ದ. ಅಂಗಡಿ ತೆರೆಯುವ ಮುಂಚೆ ಬಂದವನು. ಟೀಚರ್ ಹಳೆಯ ಪಿಟೀಲೊಂದಕ್ಕೆ ತಂತಿ ಬಿಗಿಯುತ್ತಿದ್ದರು.

"ಒಂದು ವಿಷಯ ಕೇಳೋಣ ಅಂತ ಬಂದೆ ಟೀಚರ್. ಕಮಾನಿಗೆ ಉಜ್ಜೋ ರಾಳ, ಅದರಲ್ಲಿ ಬೇರೆ ಥರದ್ದು ಸಿಗುತ್ತಾ?"

"ಯಾಕೆ?"

"ನಮ್ಮ ಸೆಕೆಂಡ್‌ಮುಳ್ಳಿಗೆ ಅದು ಆಗಿಬರ್ತಾ ಇಲ್ಲ. ಅದರ ಪುಡಿ ಮೂಗಿಗೆ ಹೋಗಿ ಸೀನು. ದಿನಾ ಒಂದೇ ಒಂದು. ಇಪ್ಪತ್ತಮೂರನೇ ನಿಮಿಷಕ್ಕೆ."

"ಸುಮಾರು ಇಪ್ಪತ್ತಮೂರು, ಅಲ್ವಾ?"

ಅವನಿಗೆ ಅದು ನಾಟಿತು. "ಸುಮಾರು ಅನ್ನೋ ಮಾತು ನಮ್ಮ ಕಸುಬಲ್ಲಿಲ್ಲ ಟೀಚರ್. ನಾನು ಬಾಗಿಲ ಹೊರಗೆ ಕುರ್ಚಿ ಹಾಕ್ಕೊಂಡು ಕೂತಿರ್ತೀನಿ, ಕೈಯಲ್ಲಿ ಗಡಿಯಾರ. ಇಪ್ಪತ್ತಮೂರಾಗಿ ಹತ್ತು ಸೆಕೆಂಡಿಗೆ ಸೀನು. ಸೀನಿದ ಮೇಲೆ 'ಅಯ್ಯಮ್ಮಾ' ಅಂತ ಒಂದು. ಆಮೇಲೆ ಮತ್ತೆ ಶುರು."

ಟೀಚರ ಕೈಯಲ್ಲಿದ್ದ ತಂತಿ ಸಡಿಲವಾಯಿತು. ಅಡುಗೆಮನೆಯಲ್ಲಿ ಪಾತ್ರೆಯೊಂದು ಸದ್ದು ಮಾಡಿ ಸುಮ್ಮನಾಯಿತು.

ಅವನು ಹೇಳುತ್ತಲೇ ಹೋದ. ಕೋಣೆಯ ಪರದೆ ತೆಗೆದು ಒಗೆದದ್ದಾಯಿತು. ಹಾಸಿಗೆ ಬಿಸಿಲಿಗೆ ಹಾಕಿದ್ದಾಯಿತು. ದಿನಾ ಸಂಜೆ ಅಭ್ಯಾಸಕ್ಕೆ ಮುಂಚೆ ಅವನೇ ಮಂಡಿಯೂರಿ ನೆಲ ಒರೆಸುತ್ತಾನೆ. ಡಾಕ್ಟರು ದೀಪ ಹಿಡಿದು ಮೂಗಿನ ಎರಡೂ ಹೊಳ್ಳೆ ನೋಡಿ, ಏನೂ ಕಾಣದೆ, ಧೂಳಿನಿಂದ ದೂರ ಇಡಿ ಎಂದಿದ್ದಾರೆ.

"ಈ ತಿಂಗಳ ಕೊನೆವರೆಗೂ ನೋಡ್ತೀನಿ. ಆಗಲೂ ನಿಲ್ಲದೇ ಇದ್ರೆ ಪಿಟೀಲು ಬಿಡಿಸಿಬಿಡ್ತೀನಿ ಟೀಚರ್. ಹೊಟ್ಟೆ ಉರಿಯುತ್ತೆ, ಆದ್ರೆ ಏನ್ಮಾಡೋದು? ಮಗಳ ಉಸಿರಿಗಿಂತ ಹೆಚ್ಚಿನದಾ? ಡ್ರಾಯಿಂಗಿಗೆ ಸೇರಿಸ್ತೀನಿ. ಅದರಲ್ಲಿ ಧೂಳಿಲ್ಲ."

ಅವನು ಹೋಗಿ ಗೇಟಿನ ಚಿಲಕ ಬಿದ್ದದ್ದೇ ತಡ, ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೊರಬಂದಳು. ನಕ್ಕು ನಕ್ಕು ಬಂದ ನೀರು. "ಅಯ್ಯೋ ಪಾಪ! ಫೋನು ಸೀನ್ತಾ ಇದೆ, ಮಗಳ ಮೂಗಿಗೆ ಡಾಕ್ಟರು!"

ಟೀಚರ್ ನಗಲಿಲ್ಲ. ಇನ್ನು ಹತ್ತೊಂಬತ್ತು ದಿನಕ್ಕೆ ತಿಂಗಳು ಮುಗಿಯುತ್ತಿತ್ತು. ಇಲ್ಲದ ಕಾಯಿಲೆಗೆ ಒಂದು ಮಗುವಿನ ಕೈಯಿಂದ ಪಿಟೀಲು ಹೋಗುವುದಿತ್ತು.

ಗುರುವಾರ ಶಾಲೆ ಬಿಟ್ಟ ಮೇಲೆ ಹುಡುಗಿ ಪಾಠಕ್ಕೆ ಬಂದಳು. ಪೆಟ್ಟಿಗೆ ತೆರೆಯುವ ಮೊದಲೇ ಟೀಚರ್ ಕೇಳಿದರು: "ಇಪ್ಪತ್ತಮೂರನೇ ನಿಮಿಷಕ್ಕೆ ಏನಾಗುತ್ತೆ?"

ಸದಾ ಕುಣಿಯುವ ಕಾಲು ನಿಂತುಹೋಯಿತು. ಕಿವಿ ಕೆಂಪಾಯಿತು. ಆಮೇಲೆ ಎಲ್ಲ ಒಂದೇ ಉಸಿರಿಗೆ ಹೊರಬಂತು. ಅಮ್ಮನ ಹಳೇ ಫೋನು. ಹನ್ನೊಂದು ವಾರದ ಹಿಂದೆ ಒಂದು ಸಂಜೆ ಪೂರ್ತಿ ನಲವತ್ತು ನಿಮಿಷ ನುಡಿಸಿ ಅದರಲ್ಲಿ ರೆಕಾರ್ಡು ಮಾಡಿಟ್ಟದ್ದು, ಅಂದಿನಿಂದ ದಿನಾ ಅದನ್ನೇ ಹಾಕಿಬಿಡುತ್ತಿದ್ದದ್ದು. ಅವತ್ತು ನೆಗಡಿ ಇತ್ತು.

"ಇನ್ನೊಂದು ಸಲ ಹಿಡಿಯೋಣ ಅಂತಿದ್ದೆ ಮಿಸ್, ಸೀನಿಲ್ಲದೆ. ಆದ್ರೆ ಅದಕ್ಕೆ ಮತ್ತೆ ನಲವತ್ತು ನಿಮಿಷ ನುಡಿಸಬೇಕಲ್ಲ!"

ಅಡುಗೆಮನೆಯಲ್ಲಿ ಅಕ್ಕನಿಗೆ ಜೋರು ಕೆಮ್ಮು ಬಂತು.

"ನಿನಗೆ ಪಿಟೀಲು ಬೇಡವಾ? ಬೇಡ ಅಂದ್ರೆ ಹೇಳು, ನಾನೇ ಅಪ್ಪನ ಹತ್ರ ಮಾತಾಡ್ತೀನಿ. ಬೈಯೋದಿಲ್ಲ."

"ಪಿಟೀಲು ಬೇಕು ಮಿಸ್," ಎಂದಳು, ಕಣ್ಣು ತುಂಬಿಕೊಂಡು. "ನಲವತ್ತು ನಿಮಿಷ ಬೇಡ. ಬಾಗಿಲು ಹಾಕಿರ್ತಾರೆ. ನಾನು ಒಂದು ಸಲ ನಿಲ್ಲಿಸಿದ್ರೆ ಸಾಕು, ಹೊರಗಿಂದ 'ಇನ್ನೂ ಹದಿನಾರು ಇದೆ!' ಅಂತಾರೆ ಅಪ್ಪ. ಯಾವುದು ತಪ್ಪಾಯ್ತು ಅಂತ ಯೋಚನೆ ಮಾಡೋಕೂ ಬಿಡಲ್ಲ."

"ಮತ್ತೆ ಫೋನು ನುಡಿಸೋವಾಗ ನೀನೇನು ಮಾಡ್ತಿದ್ದೆ?"

ಹುಡುಗಿ ಪಿಟೀಲು ತೆಗೆದು, ಕಮಾನನ್ನು ಪೆಟ್ಟಿಗೆಯಲ್ಲೇ ಬಿಟ್ಟು, ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಮೀಟಿದಳು. ಹೊರಗೆ ಕೇಳಬಾರದೆಂದು ಕಂಬಳಿ ಹೊದ್ದು ಕಲಿತ ಮೀಟು, ತೀರ ಮೆಲ್ಲಗೆ. ದಪ್ಪ ತಂತಿಯಲ್ಲಿ ಟಕ್, ಟಕ್. ಅದರ ಮೇಲೆ ಸಣ್ಣ ತಂತಿಯಲ್ಲಿ ಅವಸರದ ಇನ್ನೊಂದು ನಡೆ. ನಡುವೆ ಕುಂಟುತ್ತ ಬರುವ ಮೂರನೆಯದು. ಅಪ್ಪನ ಅಂಗಡಿಯ ಗೋಡೆಯ ಮೇಲಿನ ಗಡಿಯಾರಗಳೆಲ್ಲ ಆ ಕೋಣೆಗೆ ಬಂದು ಕೂತವು.

ಟೀಚರ್ ಎದ್ದು ಕಿಟಕಿಯ ಹತ್ತಿರ ಹೋದರು. ಕಲಿಸಿಕೊಟ್ಟದ್ದನ್ನು ಒಪ್ಪಿಸುವ ಮಕ್ಕಳನ್ನು ಅವರು ನೂರಾರು ಕಂಡಿದ್ದರು. ಯಾರೂ ಹೇಳಿಕೊಡದ್ದನ್ನು ಕದ್ದು ಕಟ್ಟಿದ ಮಗು ಇದೊಂದೇ. ಹನ್ನೊಂದು ವಾರ ದಿನಾ ಅಭ್ಯಾಸ ಮಾಡಿದೆ, ಅಭ್ಯಾಸದಿಂದ ತಪ್ಪಿಸಿಕೊಂಡು! ಅಂದಮೇಲೆ ತಪ್ಪು ಯಾರದು? ನೀಲಿ ಪುಸ್ತಕದ ಮೇಲೆ ಅವರ ಕಣ್ಣು ಬಿತ್ತು. ಅವರು ಕೇಳಿದ್ದು ನಿಮಿಷ. ಮಗು ಕೊಟ್ಟದ್ದೂ ನಿಮಿಷವೇ. ಊರಿನ ಅಪ್ಪ ಅಮ್ಮಂದಿರನ್ನೆಲ್ಲ ಬೈದುಕೊಂಡು ಓಡಾಡುವ ನಾನೇ, ಬಾಗಿಲು ಬಾಗಿಲಿಗೂ ಒಬ್ಬೊಬ್ಬ ಕಾವಲುಗಾರನನ್ನು ನಿಲ್ಲಿಸಿ ಅದಕ್ಕೆ ಸಂಗೀತ ಪಾಠ ಎಂದು ಹೆಸರಿಟ್ಟಿದ್ದೆ. ಇಷ್ಟು ವರ್ಷ ಹೊರಗಿನವರಿಗೆ ಮೀಸಲಾಗಿದ್ದ ಕೋಪ ಅವತ್ತು ಮನೆಗೆ ಬಂತು.

"ಕಾನೂನು ಬರೆದವರು ಯಾರೋ, ನಾನಂತೂ ಅಲ್ಲ," ಎಂದಿತು ಅಡುಗೆಮನೆ.

"ಅಕ್ಕಾ, ಬಾಯಿ ಮುಚ್ಚು!" ಎಂದು, ಟೀಚರ್ ಹುಡುಗಿಯ ಎದುರು ಕೂತರು. "ನೋಡು, ಶನಿವಾರದೊಳಗೆ ಅಪ್ಪನಿಗೆ ನಿಜ ಗೊತ್ತಾಗ್ಬೇಕು. ಗೊತ್ತಾಗದಿದ್ರೆ ತಿಂಗಳ ಕೊನೆಗೆ ಪಿಟೀಲು ಬಿಡಿಸಿ ನಿನ್ನನ್ನ ಡ್ರಾಯಿಂಗಿಗೆ ಸೇರಿಸ್ತಾರೆ."

"ನೀವೇ ಹೇಳಿ ಮಿಸ್."

"ಉಹೂಂ. ನಿನ್ನ ತಪ್ಪು ನೀನೇ ಹೇಳ್ಬೇಕು. ನನ್ನದೂ ಒಂದಿದೆ, ಅದನ್ನ ನಾನು ಹೇಳ್ತೀನಿ. ಜೊತೆಗೇ ಹೋಗೋಣ."

"ನಿಮ್ಮದೇನು ತಪ್ಪು?"

"ನಿನ್ನದಕ್ಕಿಂತ ದೊಡ್ಡದು. ಅದಕ್ಕೇ ನೀನು ಮೊದಲು ಹೇಳು. ಆಮೇಲೆ ನನ್ನದು ಕೇಳಿ ಅವರಿಗೆ ನಿನ್ನದು ಮರೆತುಹೋಗುತ್ತೆ."

ಶನಿವಾರ ಬೆಳಿಗ್ಗೆ ಇಬ್ಬರೂ ಅಂಗಡಿಯ ಮೆಟ್ಟಿಲು ಹತ್ತಿದರು. ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲದ ಅಂಗಡಿ. ಗಾಜಿನ ಪೆಟ್ಟಿಗೆಯ ಹಿಂದೆ ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ತಿರುಪು ಹಿಡಿದು ಕೂತಿದ್ದ. ಟೀಚರನ್ನು ಕಂಡು ಎದ್ದ. "ಬನ್ನಿ ಟೀಚರ್, ಬನ್ನಿ. ರಾಳ ಸಿಕ್ತಾ?"

"ಅಪ್ಪಾ, ಸೀನಿದ್ದು ನಾನಲ್ಲ," ಎಂದಳು ಮಗಳು. "ಫೋನು."

ಅವನಿಗೆ ಅರ್ಥವಾಗಲು ಅವಳು ಎರಡು ಸಲ ಹೇಳಬೇಕಾಯಿತು. ಅರ್ಥವಾದ ಮೇಲೆ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ.

"ಹನ್ನೊಂದು ವಾರ?"

"ಹೂಂ."

"ನಾನು ನೆಲ ಒರೆಸಿದ್ದು?"

"ಅದು... ನೆಲ ಚೆನ್ನಾಗಾಯ್ತು ಅಪ್ಪಾ."

ಅವನು ನಗಲಿಲ್ಲ. ತಗ್ಗಿದ ದನಿಯಲ್ಲಿ, ಮಗಳಿಗಲ್ಲ, ಮೇಜಿನ ಮೇಲಿನ ಬಿಚ್ಚಿದ ಗಡಿಯಾರಕ್ಕೆ ಎಂಬಂತೆ ಹೇಳಿದ: "ದಿನಾ ಇಲ್ಲಿ ಕಣ್ಣು ಬತ್ತಿಸಿಕೊಂಡು ಮನೆಗೆ ಬರ್ತಿದ್ದೆ. ಆ ಕುರ್ಚಿ ಮೇಲೆ ಕೂತು ಕಣ್ಮುಚ್ಚಿ ಕೇಳೋ ನಲವತ್ತು ನಿಮಿಷ, ನನ್ನ ದಿನದಲ್ಲಿ ಅದೇ ಒಳ್ಳೇ ಹೊತ್ತು. ಅದೂ ರೆಕಾರ್ಡಾ?"

ಹುಡುಗಿ ಬಾಯಿ ತೆರೆದು ನೋಡಿದಳು. "ನೀನು ಕೇಳ್ತಿದ್ಯಾ? ನೀನು ಕಾಯ್ತಿದ್ದೀಯ ಅಂತ ಅಂದ್ಕೊಂಡಿದ್ದೆ."

ಈಗ ಟೀಚರ ಸರದಿ. ಅವರು ನೀಲಿ ಪುಸ್ತಕವನ್ನು ಗಾಜಿನ ಮೇಲಿಟ್ಟರು. "ಅವರನ್ನ ಕಾವಲಿಗೆ ಕೂರಿಸಿದ್ದು ನಾನು ಕಣೆ. ಸ್ವಾಮಿ, ಒಂದು ಮಾತು ಕೇಳ್ತೀನಿ. ಗಡಿಯಾರ ನಿಧಾನ ಆಯ್ತು ಅಂತ ಯಾರಾದ್ರೂ ತಂದ್ರೆ, ಬಾಗಿಲು ಹಾಕಿ ಇನ್ನೂ ನಲವತ್ತು ನಿಮಿಷ ಓಡು ಅಂತ ಹೇಳ್ತೀರಾ?"

"ಛೆ, ಅದ್ಹೇಗೆ? ಬಿಚ್ಚಿ ನೋಡ್ಬೇಕು. ಎಲ್ಲಿ ತೊಡಕಿದೆಯೋ ಆ ಒಂದು ಚಕ್ರ ತೆಗೆದು..." ಎಂದು ಅಲ್ಲಿಗೇ ನಿಲ್ಲಿಸಿದ. ತನ್ನ ಕಸುಬು ತನಗೇ ಎದುರು ಸಾಕ್ಷಿ ಹೇಳುತ್ತಿದೆ ಎಂದು ಹೊಳೆಯಿತು.

"ನನಗೂ ಅದು ಈ ವಾರವೇ ಗೊತ್ತಾಗಿದ್ದು," ಎಂದರು ಟೀಚರ್. "ಇವಳ ಮೂರನೇ ಸಾಲಲ್ಲಿ ಒಂದು ಹಲ್ಲು ಸಿಕ್ಕಿಹಾಕ್ಕೊಂಡಿದೆ, ಅಷ್ಟೇ. ಅದಕ್ಕೆ ದಿನಾ ಹತ್ತು ನಿಮಿಷ ಸಾಕು. ನೀವು ಬಾಗಿಲ ಹೊರಗೆ ಕೂತಿರೋದ್ಯಾಕೆ? ಒಳಗೆ ಕೂರಿ. ಗಡಿಯಾರ ಇಲ್ಲೇ ಬಿಟ್ಟು ಹೋಗಿ. ಈಗ ಇವಳು ಕಂಬಳಿಯೊಳಗೆ ಏನು ಮಾಡ್ತಿದ್ದಳು ಕೇಳಿ."

ಹುಡುಗಿ ಸ್ಟೂಲಿನ ಮೇಲೆ ಕೂತು ಮೀಟಿದಳು. ಈ ಸಲ ಕಂಬಳಿಯಿಲ್ಲ, ಜೋರಾಗಿಯೇ. ಅವನ ತಲೆ ಮೆಲ್ಲಗೆ ಓರೆಯಾಯಿತು, ರೋಗದ ಗಡಿಯಾರವನ್ನು ಕಿವಿಗಿಟ್ಟುಕೊಳ್ಳುವಾಗಿನ ಹಾಗೆ. ಮೊದಲ ತಂತಿಗೇ ಕೂಗಿದ: "ಇದು ಬೇಕರಿಯವರ ಅಲಾರಂ!" ಮತ್ತೆ: "ಇದು ಶಾಲೆಯದ್ದು, ದೊಡ್ಡದು!" ಮೂರನೆಯದು ಕುಂಟುತ್ತ ಬಂದಾಗ ಎದ್ದೇಬಿಟ್ಟ. ಮೂಲೆಯಲ್ಲಿ ವರ್ಷದಿಂದ ನೇತಾಡುತ್ತಿದ್ದ ಲೋಲಕದ ಗಡಿಯಾರದ ಕಡೆ ಬೆರಳು ಮಾಡಿ, "ಐದನೇದು ತಪ್ಪುತ್ತೆ! ಐದನೇ ಹೊಡೆತಕ್ಕೆ ಒಂದು ತಪ್ಪುತ್ತೆ! ಇಷ್ಟು ದಿನ ಅದರ ರೋಗ ನನಗೇ ಸಿಕ್ಕಿರಲಿಲ್ವಲ್ಲೇ, ಕಳ್ಳಿ!" ಎಂದ. ಆಮೇಲೆ ಬಂತು ನಗು. ಪಕ್ಕದ ಚಪ್ಪಲಿ ಅಂಗಡಿಯವನು ಇಣುಕಿ ನೋಡುವಷ್ಟು ನಗು. "ಹನ್ನೊಂದು ವಾರ ನನಗೇ ಕೀ ಕೊಟ್ಟು ಓಡಿಸಿದ್ದಾಳೆ ಟೀಚರ್! ನನಗೆ!"

ಮುಂದಿನ ಭಾನುವಾರ ಟೀಚರ್ ಎಲ್ಲ ಮನೆಯವರನ್ನೂ ಕರೆದು ಮುಂದಿನ ಕೋಣೆಯಲ್ಲಿ ಚಾಪೆ ಹಾಕಿ ಕೂರಿಸಿದರು. ಪುಸ್ತಕದಲ್ಲಿ ಇನ್ನು ನಿಮಿಷ ಬರೆಯಬೇಡಿ ಎಂದರು. ದಿನಕ್ಕೊಮ್ಮೆ ಕೋಣೆಯ ಒಳಗೆ ಕೂತು, ಇವತ್ತು ನಿನಗೆ ಯಾವುದು ಇಷ್ಟವಾಯಿತೋ ಅದನ್ನು ನನಗೂ ಕಲಿಸು ಎಂದು ಮಗುವನ್ನು ಕೇಳಿ ಎಂದರು. ಕಲಿಯಲೂಬೇಕು. ಒಂದು ಸಾಲಾದರೂ.

"ನಮಗೆಲ್ಲಿ ಟೈಮು ಮೇಡಂ?" ಎಂದರು ಒಬ್ಬರು.

ಟೀಚರ ಮೂಗು ಕೆಂಪಾಯಿತು. "ಮಗುವಿನ ಸರ್ಟಿಫಿಕೇಟನ್ನ ಮೂವತ್ತು ಜನಕ್ಕೆ ಕಳಿಸೋಕೆ ಟೈಮಿದೆ. ಮಗು ನುಡಿಸೋದನ್ನ ಕೇಳೋಕೆ ಹತ್ತು ನಿಮಿಷ ಇಲ್ವಾ? ಯಾರಿಗಾಗಿ ಕಲಿಸ್ತಿದ್ದೀರಿ, ಮಗುವಿಗಾ, ಗೋಡೆಗಾ?"

ಇಬ್ಬರು ಬೇರೆ ಟೀಚರನ್ನು ಹುಡುಕಿಕೊಂಡು ಹೋದರು. ಟೀಚರಿಗೆ ಬೇಸರವಾದದ್ದು ಆ ಮಕ್ಕಳ ಬಗ್ಗೆ ಮಾತ್ರ. ಉಳಿದ ಇಪ್ಪತ್ತು ಮನೆಗಳಿಂದ ಸಂಜೆಹೊತ್ತು ಹೊರಡತೊಡಗಿದ ಅಪಸ್ವರಕ್ಕೆ ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಂಡರು. ಮಕ್ಕಳಿಗೆ ಮಾತ್ರ ಅದಕ್ಕಿಂತ ಮಜಾ ಬೇರೆ ಇರಲಿಲ್ಲ. ಅಪ್ಪನ ಮೊಣಕೈಯನ್ನು ತಾವು ತಿದ್ದುವುದು, 'ಅವಸರ ಮಾಡಬೇಡಮ್ಮಾ' ಎಂದು ಅಮ್ಮನಿಗೆ ಹೇಳುವುದು ಯಾವ ಮಗುವಿಗೆ ಬೇಡ?

ಸೆಕೆಂಡ್‌ಮುಳ್ಳಿನ ಮೂರನೇ ಸಾಲು ಒಂಬತ್ತು ದಿನದಲ್ಲಿ ಸರಿಹೋಯಿತು. ಅಪ್ಪನಿಗೆ ಕಲಿಸಬೇಕಲ್ಲ, ತಾನು ಮುಗ್ಗರಿಸಿದರೆ ಮರ್ಯಾದೆ ಏನಾದೀತು? ತಿಂಗಳ ಕೊನೆಯ ದಿನ ಅವಳು ಕುಣಿಯುತ್ತ ಬಂದು ನೀಲಿ ಪುಸ್ತಕವನ್ನು ಟೀಚರ ಮುಂದಿಟ್ಟಳು. ಮನೆಯವರ ಸಹಿ ಎಂದಿದ್ದ ಕಡೆ ಈಗ ಅವಳದ್ದೇ ಸಹಿ, ಬಾಲವನ್ನು ದೊಡ್ಡದಾಗಿ ಎಳೆದು. ಟೀಚರ್ ಅದನ್ನು ಅಕ್ಕನಿಗೆ ಕೇಳುವಂತೆ ಗಟ್ಟಿಯಾಗಿ ಓದಿದರು:

"ಸೋಮವಾರ. ಅಪ್ಪ ಮೊದಲ ಸಾಲು ನುಡಿಸಿದರು. ಬೆಕ್ಕು ಎದ್ದು ಹೋಯಿತು. ಮಂಗಳವಾರ. ಅಪ್ಪ ಅಂಗಡಿಯಲ್ಲಿ ಅಭ್ಯಾಸ ಮಾಡಿದೆ ಅಂದರು. ಮಾಡಿಲ್ಲ, ಬೆರಳು ನೋಡಿದೆ. ಬುಧವಾರ. ಚೆನ್ನಾಗಿತ್ತು. ನಾವಿಬ್ಬರೂ ನಿಲ್ಲಿಸಲೇ ಇಲ್ಲ, ಅಮ್ಮ ಬಂದು ಊಟ ಆರಿಹೋಯಿತು ಅಂತ ಬೈದರು. ಕಮಾನಿಗೆ ರಾಳ ಉಜ್ಜುವಾಗ ಅಪ್ಪ ನಾಲ್ಕು ಸಲ ಸೀನಿದರು. ಫೋನು ಆಫ್ ಇತ್ತು."