ಬಳ್ಳೊಳ್ಳಿ ವಾಸನೆಯ ಬೆಂಕಿ

ಹೊನ್ನವ್ವ ನಗುವಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಸಿಂದಗಿಯ ಸಂತೆಯಲ್ಲಿ ಅವಳ ಹತ್ತಿರ ಚುರುಮುರಿ ಕೊಳ್ಳುವವರು ನಾಚಿಕೆಯ ಹೆಂಗಸು ಎಂದುಕೊಳ್ಳುತ್ತಿದ್ದರು. ಆ ಸೆರಗಿನ ಹಿಂದೆ ಮುಂದಿನ ಹಲ್ಲುಗಳೇ ಇರಲಿಲ್ಲ. ಅವು ಮುಪ್ಪಿಗೆ ಉದುರಿದವಲ್ಲ. ಊರವರು ಕೂಡಿ ಕಿತ್ತಿದ್ದರು.

ಆಗ ಅವಳಿಗೆ ಮೂವತ್ತು ತುಂಬಿರಲಿಲ್ಲ. ಗಂಡ ಹಾವು ಕಚ್ಚಿ ಸತ್ತಿದ್ದ. ಮಗಳು ಬಾಳಮ್ಮ ಇನ್ನೂ ಸೊಂಟದ ಮೇಲಿನ ಕೂಸು. ಕನ್ನೊಳ್ಳಿಯಿಂದ ಹರದಾರಿ ಆಚೆಗಿನ ಹಳ್ಳಿಯಲ್ಲಿ ಮೈದುನ ರಾಚಪ್ಪ ಮತ್ತು ಅವನ ಹೆಂಡತಿ ಚನ್ನವ್ವನ ಜೊತೆ ಒಂದೇ ಮನೆಯಲ್ಲಿದ್ದಳು. ಆ ಬೇಸಿಗೆ ಊರಿನಲ್ಲಿ ಒಣಹಾಕಿದ ಬಟ್ಟೆಗಳಿಗೆ ತಾವಾಗಿಯೇ ಬೆಂಕಿ ಹತ್ತತೊಡಗಿತು. ಹತ್ತಿರ ಒಲೆಯಿಲ್ಲ, ಬೀಡಿ ಸೇದುವವರಿಲ್ಲ. ಹಗ್ಗದ ಮೇಲಿನ ಸೀರೆ ಒಣಗುತ್ತ ಬಂದಂತೆ ಹೊಗೆಯಾಡಿ ಭಗ್ಗೆಂದು ಉರಿಯುತ್ತಿತ್ತು. ಗೌಡರ ಮೇವಿನ ಬಣವೆಯೂ ಹಾಗೆಯೇ ಹೋಯಿತು. ಯಾರೋ ಮಂತ್ರ ಹಾಕಿ ಬಾನಾಮತಿ ಮಾಡಿಸಿದ್ದಾರೆ ಎಂದು ಜನ ನಡುಗಿದರು. ಬಾನಾಮತಿ ತೆಗೆಯುವ ಮಾನಪ್ಪನನ್ನು ದುಡ್ಡು ಕೊಟ್ಟು ಕರೆಸಿದರು. ಅವನು ಚಾವಡಿಯಲ್ಲಿ ನಿಂಬೆಹಣ್ಣು ಕೊಯ್ದು ಕಣ್ಣು ಮುಚ್ಚಿದ.

“ಗಂಡನ್ನ ನುಂಗಿದಾಕಿ ಕೆಲಸ ಇದು” ಎಂದ.

“ನಮ್ಮನ್ಯಾಗ ಅದಾಳ್ರಿ ಅಂಥಾಕಿ” ಎಂದು ಚನ್ನವ್ವ ಬೆರಳು ಮಾಡಿ ತೋರಿಸಿದಳು.

ಹಲ್ಲಿಲ್ಲದ ಬಾಯಿಂದ ಮಂತ್ರ ಸರಿಯಾಗಿ ಹೊರಡುವುದಿಲ್ಲ, ಮಂತ್ರ ತಪ್ಪಿದರೆ ಮಾಟ ಕೆಡುತ್ತದೆ ಎಂದು ಅವರೆಲ್ಲ ನಂಬಿದ್ದರು. ಕಮ್ಮಾರನ ಇಕ್ಕಳ ಬಂತು. ರಾಚಪ್ಪ ಅತ್ತಿಗೆಯ ರಟ್ಟೆಗಳನ್ನು ಹಿಂದಕ್ಕೆ ತಿರುಚಿ ಹಿಡಿದ. ಇನ್ನೊಬ್ಬ ಎದೆಯ ಮೇಲೆ ಮೊಣಕಾಲೂರಿದ.

“ಸುಟ್ಟ ಸೀರಿ ಮೂಸಿ ನೋಡ್ರೆಪ್ಪಾ! ಬಳ್ಳೊಳ್ಳಿ ವಾಸನಿ ಹೊಡಿತೈತಿ. ಮಂತ್ರಕ್ಕ ವಾಸನಿ ಇರ್ತೈತೇನ್ರೋ?” ಎಂದು ಅವಳು ಚೀರಿದಳು.

ಯಾರೂ ಮೂಸಲಿಲ್ಲ. ಮೊದಲ ಹಲ್ಲು ಬೇರುಸಹಿತ ಬಂತು. ಮುಂದಿನದು ನಡುವೆ ಮುರಿಯಿತು. ಇಕ್ಕಳ ಜಾರಿ ತುಟಿ ಹರಿದ ಮೇಲೆ ಅದನ್ನು ಬಿಸಾಕಿ ಕಲ್ಲು ಎತ್ತಿಕೊಂಡರು. ಅವಳಿಗೆ ಎಚ್ಚರ ತಪ್ಪುವವರೆಗೂ ಬಿಡಲಿಲ್ಲ. ಆಮೇಲೆ ಅವಳನ್ನೂ ಕೂಸನ್ನೂ ಗಾಡಿದಾರಿಯ ಬದಿಗೆ ಎಳೆದು ಹಾಕಿದರು.

ಸಿಂದಗಿಯಲ್ಲಿ ಚುರುಮುರಿ ಭಟ್ಟಿ ಇಟ್ಟಿದ್ದ ಶಮಶಾದಬಿ ಜೋಳದ ಗಾಡಿಯಲ್ಲಿ ಆ ದಾರಿಯಿಂದ ಬರುತ್ತಿದ್ದಳು. ಕೂಸಿನ ಅಳು ಕೇಳಿ ಗಾಡಿ ನಿಲ್ಲಿಸಿದಳು. ತಾಯಿಯ ಬಾಯಿ ನೋಡಿ, “ಯಾ ಅಲ್ಲಾ, ಮನಷ್ಯಾರು ಮಾಡೂ ಕೆಲಸೇನ ಇದು!” ಎಂದು ಇಬ್ಬರನ್ನೂ ಚೀಲಗಳ ಮೇಲೆ ಮಲಗಿಸಿಕೊಂಡಳು. ಗಾಯ ಮಾಯ್ದ ಮೇಲೂ ಹೋಗು ಎನ್ನಲಿಲ್ಲ. ಹೊನ್ನವ್ವ ಭಟ್ಟಿಯ ಕಾದ ಉಸುಕಿನಲ್ಲಿ ಚುರುಮುರಿ ಹುರಿಯುವುದನ್ನು ಕಲಿತಳು. ಊರೆಲ್ಲ ಕುರುಕುರು ತಿನ್ನುವುದನ್ನು ತಾನು ಮಾತ್ರ ನೀರಿನಲ್ಲಿ ನೆನೆಸಿ ನುಂಗುತ್ತಿದ್ದಳು.

ಬಾಳಮ್ಮ ಲೆಕ್ಕದಲ್ಲಿ ಚುರುಕಿದ್ದಳು. ಕನ್ನಡ ಸಾಲಿ ಮುಗಿದು ಹೈಸ್ಕೂಲಿಗೂ ಹೋದಳು. ಶಮಶಾದಬಿ ಹಟ ಹಿಡಿದಿದ್ದಕ್ಕೆ ಹೊನ್ನವ್ವ ಒಪ್ಪಿದ್ದಳು. ಹಾಗಿರುವಾಗ ಒಂದು ಮಧ್ಯಾಹ್ನ ಹುಡುಗಿ ಮನೆಗೆ ಬಂದಳು. ಭಟ್ಟಿಯ ಮುಂದೆ ಕೂತಿದ್ದ ಹೊನ್ನವ್ವನ ಮೂಗಿಗೆ ಅವಳ ಲಂಗದಿಂದ ಒಂದು ವಾಸನೆ ಬಡಿಯಿತು. ಅದೇ ಬಳ್ಳೊಳ್ಳಿ.

“ಏನ ಮುಟ್ಟಿ ಬಂದಿ?”

“ಏನಿಲ್ಲವ್ವಾ, ವಿಜ್ಞಾನದ ಖೋಲ್ಯಾಗ...”

ಅವಳಿಗೆ ಮಾತು ಮುಗಿಸಲು ಆಗಲಿಲ್ಲ. ಹೊನ್ನವ್ವ ಉಸುಕು ಕೆದಕುವ ಕೋಲು ತೆಗೆದುಕೊಂಡು ಬೆನ್ನಿಗೆ, ತೋಳಿಗೆ, ತಲೆಗೆ ಸಿಕ್ಕಲ್ಲಿ ಬಾರಿಸಿದಳು. ಹುಡುಗಿಯ ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು. ಕೋಲು ಮುರಿದ ಮೇಲೆ ಕೈಯಿಂದ ಹೊಡೆದಳು.

“ಬಿಡ, ಹುಚ್ಚಿ! ಕೂಸು ಸಾಯ್ತೈತಿ!” ಎಂದು ಶಮಶಾದಬಿ ಅವಳ ಜಡೆ ಹಿಡಿದು ಹಿಂದಕ್ಕೆಳೆದಳು.

“ನಾಳಿಂದ ಸಾಲಿ ಬಂದ್!” ಎಂದು ಹೊನ್ನವ್ವ ಏದುಸಿರು ಬಿಟ್ಟಳು. “ಅದನ್ನ ಮುಟ್ಟಿದ್ರ ಇಕಿ ಹಲ್ಲೂ ಕೀಳ್ತಾರ.”

ಬಾಳಮ್ಮ ಮೂಲೆಯಲ್ಲಿ ಮುದುಡಿ ಕೂತಲ್ಲಿಂದಲೇ ಹೇಳಿದಳು. “ಅದು ಮಾಟ ಅಲ್ಲವ್ವಾ. ಬಾಟ್ಲ್ಯಾಗ ನೀರಿನಾಗ ಇಟ್ಟಾರ. ಅದಕ್ಕ ಹೆಸರೈತಿ.”

ಹೆಸರು ಎಂಬ ಮಾತು ಹೊನ್ನವ್ವನ ಎದೆಯಲ್ಲಿ ಸಿಕ್ಕಿಕೊಂಡಿತು. ಆದರೂ ಮರುದಿನ ಅವಳು ಮಗಳನ್ನು ಕರೆದುಕೊಂಡು ಹೆಸರು ತೆಗೆಸಲೆಂದೇ ಸಾಲಿಗೆ ಹೋದಳು. ವಿಜ್ಞಾನ ಕಲಿಸುವ ಬಸಂತರಾಯ ಮಾಸ್ತರರು ಹುಡುಗಿಯ ಹಣೆ ನೋಡಿದರು.

“ಯಾರ ಹೊಡದಾರವಾ ಹಿಂಗ?”

“ನಾನ ಹೊಡದೇನ್ರಿ. ಇಕಿ ಹೆಸರ ತೆಗೀರಿ.”

ಮಾಸ್ತರರು ಕಾರಣ ಕೇಳಿದರು. ಅವಳು ಬಾಯಿಂದ ಹೇಳಲಿಲ್ಲ, ಸೆರಗು ಸರಿಸಿದಳು. ಬಾನಾಮತಿಯ ಬೆಂಕಿಗೆ ಹಲ್ಲು ಕೀಳುವುದನ್ನು ಬಲ್ಲ ಅವರು ಕಪಾಟಿನಿಂದ ಒಂದು ಬಾಟಲಿ ತಂದರು. ನೀರಿನೊಳಗೆ ಮೇಣದಂಥ ತುಂಡುಗಳಿದ್ದವು. ಒಂದು ಚೂರನ್ನು ಚಿಮಟಿಗೆಯಿಂದ ತೆಗೆದು ಪಿಂಗಾಣಿಯ ಮೇಲಿಟ್ಟು ದೂರ ಸರಿದರು. ಅದು ಒಣಗಿತು, ಬಿಳಿ ಹೊಗೆ ಬಿಟ್ಟಿತು, ಭಗ್ಗೆಂದಿತು. ಹೊನ್ನವ್ವ ಗೋಡೆಗೆ ಅಂಟಿಕೊಂಡಳು.

“ಇದರ ಹೆಸರು ರಂಜಕ. ನಾ ಬಾಯಿ ತೆರದೇನೇನವಾ?” ಎಂದರು ಮಾಸ್ತರರು.

“ಇಲ್ರಿ.”

“ನನ್ನ ಹಲ್ಲು ಕಿತ್ತಿದ್ರ ಇದು ಹತ್ತತಿದ್ದಿಲ್ಲೇನು?”

ಅವಳು ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. “ಇನ್ನೊಮ್ಮಿ ತೋರಸ್ರಿ” ಎಂದಳು. ಅವರು ತೋರಿಸಿದರು. “ಇನ್ನೊಮ್ಮಿ” ಎಂದಳು. ಆಮೇಲೆ ಮಗಳ ಹಣೆಯ ಗಾಯವನ್ನು ಮುಟ್ಟಿದಳು. “ಹೆಸರ ತೆಗೀಬ್ಯಾಡ್ರಿ. ಇದನ್ನೆಲ್ಲಾ ಕಲಸ್ರಿ ಇಕಿಗೆ. ಬುಡದ ಮಟಾ ಕಲಸ್ರಿ.”

ಅಂದಿನಿಂದ ಹಳೆಯ ಊರಿನವರು ಸಂತೆಯಲ್ಲಿ ಕಂಡರೆ ಅವಳು ಬಿಡುತ್ತಿರಲಿಲ್ಲ. ಚುರುಮುರಿ ಅಳೆದು ಕೊಡುತ್ತ, “ಆ ಬೆಂಕಿಗೆ ಹೆಸರೈತಿ ಗೊತ್ತೇನು? ನನ್ನ ಮಗಳಿಗೆ ಗೊತ್ತೈತಿ” ಎನ್ನುತ್ತಿದ್ದಳು. ಅವರು ಮುಖ ತಿರುಗಿಸಿ ಹೋಗುತ್ತಿದ್ದರು.

ಮುಂದಿನ ಬೇಸಿಗೆಯಲ್ಲಿ ರಾಚಪ್ಪ ಭಟ್ಟಿಯ ಬಾಗಿಲಿಗೆ ಓಡುತ್ತ ಬಂದು ಅವಳ ಕಾಲ ಬಳಿ ಬಿದ್ದ. ಊರಿನಲ್ಲಿ ಮತ್ತೆ ಬಟ್ಟೆಗಳು ಹತ್ತಿ ಉರಿಯುತ್ತಿದ್ದವು. ಮಾನಪ್ಪ ಮತ್ತೆ ಬಂದಿದ್ದ. ಈ ಸಲ ಚನ್ನವ್ವನ ಹೆಸರು ಹೇಳಿದ್ದ.

“ಯಕ್ಕಾ, ಕಂಬಕ್ಕ ಕಟ್ಟ್ಯಾರ ಆಕೀನ. ಆ ಬೆಂಕಿ ಹೆಸರು ನಿನ್ನ ಮಗಳಿಗೆ ಗೊತ್ತೈತೆಂತ. ಬಂದು ಹೇಳು, ಯಕ್ಕಾ!”

ಹೊನ್ನವ್ವ ಅವನನ್ನು ಎಬ್ಬಿಸಿ ನಿಲ್ಲಿಸಿ ಕೆನ್ನೆಗೆ ಬಾರಿಸಿದಳು. ಮತ್ತೊಮ್ಮೆ ಬಾರಿಸಿದಳು. ಅವನ ಮೂಗಿನಿಂದ ರಕ್ತ ಬಂತು, ಅವನು ಒರೆಸಿಕೊಳ್ಳಲಿಲ್ಲ. “ನನ್ನ ರಟ್ಟಿ ತಿರುವಿದ ಕೈ ಇವು” ಎಂದಳು. ಅಷ್ಟರಲ್ಲಿ ಬಾಳಮ್ಮ ಚಪ್ಪಲಿ ಮೆಟ್ಟಿಕೊಂಡಿದ್ದಳು.

“ಎಲ್ಲಿ ಹೊಂಟಿ?”

“ಗೊತ್ತಿದ್ದೂ ಸುಮ್ಮ ಕುಂತ್ರ ನಾನೂ ಅವರ ಗತೆ ಆಕ್ಕೇನವ್ವಾ.”

ಹೊನ್ನವ್ವ ಮಗಳ ಹಿಂದೆಯೇ ರಾಚಪ್ಪನ ಗಾಡಿ ಹತ್ತಿದಳು.

ಚಾವಡಿಯಲ್ಲಿ ಚನ್ನವ್ವನ ಗದ್ದದ ಮೇಲೆ ರಕ್ತ ಸುರಿಯುತ್ತಿತ್ತು. ಒಂದು ಹಲ್ಲು ಆಗಲೇ ಹೋಗಿತ್ತು. “ನಿಲ್ಲಸ್ರಿ! ಅದು ರಂಜಕದ ಬೆಂಕಿ, ಮಾಟ ಅಲ್ಲ!” ಎಂದು ಬಾಳಮ್ಮ ಜನರ ನಡುವೆ ನುಗ್ಗಿದಳು.

ಮಾನಪ್ಪ ನಕ್ಕ. “ನೋಡ್ರಿ, ಅವ್ವನ ಇದ್ಯೆ ಮಗಳು ಸಾಲ್ಯಾಗ ಪಾಸ್ ಮಾಡ್ಕೊಂಡ ಬಂದಾಳ! ಬೆಂಕಿ ಹೆಸರು ಗೊತ್ತಿದ್ದಾಕಿಗೆ ಬೆಂಕಿ ಹಚ್ಚಾಕ ಬರೂದಿಲ್ಲೇನ್ರೋ?”

ಆ ಮಾತು ಜನರಿಗೆ ಸರಿಯಾಗಿಯೇ ಕಂಡಿತು. ಒಬ್ಬನು ಬಾಳಮ್ಮನ ಜಡೆ ಹಿಡಿದು ತಲೆಯನ್ನು ಕಂಬಕ್ಕೆ ಬಡಿದ. ಅಡ್ಡ ಬಂದ ರಾಚಪ್ಪನನ್ನು ಕೆಡವಿ ತುಳಿದರು. ಇಕ್ಕಳ ಬಾಳಮ್ಮನ ತುಟಿಗಳ ನಡುವೆ ಹೊಕ್ಕಿತು. ಹೊನ್ನವ್ವ ಮಗಳತ್ತ ಧಾವಿಸುವಾಗ ಮಾನಪ್ಪನ ಪಕ್ಕದಿಂದ ಅದೇ ವಾಸನೆ ಬಂತು. ಅದು ಅವನ ಹೆಗಲಿನ ಜೋಳಿಗೆಯಿಂದ ಬರುತ್ತಿತ್ತು. ಅವಳು ತಲೆಯಿಂದ ಅವನ ಹೊಟ್ಟೆಗೆ ಗುದ್ದಿ, ಜೋಳಿಗೆ ಕಿತ್ತು ಕಲ್ಲಿಗೆ ಅಪ್ಪಳಿಸಿದಳು.

ಒಳಗೆ ಬಾಟಲಿ ಒಡೆಯಿತು. ನೀರು ಸೋರಿತು. ಮಾನಪ್ಪ ಗಾಬರಿಯಾಗಿ ಒಳಗಿನ ತುಂಡುಗಳನ್ನು ಯಾರಿಗೂ ಕಾಣದಂತೆ ಎರಡೂ ಕೈಯಿಂದ ಬಾಚಿಕೊಂಡ. ಬಿಳಿ ಹೊಗೆ ಎದ್ದು ಅವನ ಬೆರಳುಗಳು ಹತ್ತಿ ಉರಿದವು.

“ಹಲ್ಲಿಲ್ಲದಾಕಿ ಮಂತ್ರ ಹಾಕಿದ್ಲೋ!” ಎಂದು ಯಾರೋ ಕೂಗಿದರು.

“ನೀರು! ನೀರಾಗ ಮುಳುಗಸ್ರೋ! ನೀರಾಗಿದ್ರ ಇದು ಹತ್ತೂದಿಲ್ಲ!” ಎಂದು ಮಾನಪ್ಪ ಅರಚಿದ.

ರಾಚಪ್ಪ ನೆಲದಿಂದ ತಲೆ ಎತ್ತಿ ಕೇಳಿದ. “ನಿನಗ ಹ್ಯಾಂಗ ಗೊತ್ತಲೇ?”

ಮಾನಪ್ಪ ಉತ್ತರ ಕೊಡುವ ಮೊದಲೇ ಜನ ಅವನ ಮೇಲೆ ಬಿದ್ದರು. ಪಕ್ಕೆಲುಬು ಮುರಿದ ಸದ್ದು ಕೇಳಿಸಿತು. ಬಾಳಮ್ಮನ ಬಾಯಿಂದ ತೆಗೆದ ಇಕ್ಕಳವನ್ನೇ ಯಾರೋ ಹೊನ್ನವ್ವನ ಕೈಗೆ ಕೊಟ್ಟರು. “ತಗೋ ಯವ್ವಾ, ನೀನ ಕೀಳು. ನಿನ್ನ ಹಕ್ಕೈತಿ.”

ಅವಳು ಅದನ್ನು ಬಿಗಿಯಾಗಿ ಹಿಡಿದಳು. ಎಷ್ಟೋ ವರ್ಷ ಕನಸಿನಲ್ಲಿ ಹಿಡಿದ ಇಕ್ಕಳ. ಅವನ ಬಾಯಿ ಅವಳ ಮೊಣಕಾಲ ಹತ್ತಿರವೇ ತೆರೆದಿತ್ತು. ಅವಳು ಬಗ್ಗಿದಳು, ಒಂದು ಹಲ್ಲಿಗೆ ಇಕ್ಕಳ ಹಚ್ಚಿದಳು.

“ಅವ್ವಾ, ನೀರು ತಾ!” ಎಂದಳು ಬಾಳಮ್ಮ. ಅವಳು ಆಗಲೇ ಮಾನಪ್ಪನ ಮಣಿಕಟ್ಟು ಹಿಡಿದು ಕೂತಿದ್ದಳು. ಅವಳ ಕೈಯ ಮೇಲೂ ಬೊಬ್ಬೆ ಎದ್ದಿತ್ತು. “ಲಗೂನ ತಾ. ಒಣಗಿದ್ರ ಮತ್ತ ಹತ್ತತೈತಿ, ಎಲುಬಿನ ಮಟಾ ಹೋಗತೈತಿ.”

ಹೊನ್ನವ್ವ ಮಗಳ ಮುಖ ನೋಡಿದಳು. ಇಕ್ಕಳ ಕೆಳಗೆ ಹಾಕಿ ಕೊಡ ಎತ್ತಿಕೊಂಡು ಬಾವಿಗೆ ಓಡಿದಳು.

ಪೊಲೀಸರು ಬರುವವರೆಗೆ ತಾಯಿ ನೀರು ತರುತ್ತಲೇ ಇದ್ದಳು, ಮಗಳು ಆ ಕೈಗಳನ್ನು ಮುಳುಗಿಸಿಯೇ ಇದ್ದಳು. ಹಗ್ಗ ಬಿಚ್ಚಿ ಕೂಡಿಸಿದ್ದ ಚನ್ನವ್ವ ಏನೋ ಹೇಳಲು ಹೋದಳು. “ಮೊದಲ ಬಾಯಿ ಮುಕ್ಕಳಸು” ಎಂದು ಹೊನ್ನವ್ವ ತಂಬಿಗೆ ಮುಂದಿಟ್ಟಳು. ಅಷ್ಟು ಬಿಟ್ಟರೆ ಅವಳೊಡನೆ ಮತ್ತೆಂದೂ ಮಾತಾಡಲಿಲ್ಲ.

ಬಾಳಮ್ಮ ಮುಂದೆ ವಿಜಾಪುರದಲ್ಲಿ ವಿಜ್ಞಾನ ಓದಿ ಮುದ್ದೇಬಿಹಾಳದ ಕಡೆ ಸಾಲಿ ಮಾಸ್ತರ್ತಿಯಾದಳು. ಹೊನ್ನವ್ವ ಅವಳ ಜೊತೆಗೇ ಇದ್ದಳು. ಒಮ್ಮೆ ನಾಲತವಾಡದ ನಬಿಲಾಲ ಎಂಬವನು ಮಗಳು ಮೆಹರಾಜಳನ್ನು ಸಾಲಿಯಿಂದ ಬಿಡಿಸಲು ಮನೆಗೇ ಬಂದ.

“ಹುಡುಗಿಗೆ ವಿಜ್ಞಾನ ಗಿಜ್ಞಾನ ಯಾಕ ಬೇಕ್ರಿ? ಬೆಂಕಿ ಜೋಡಿ ಆಡೂದು.”

ಹೊನ್ನವ್ವ ಕಟ್ಟೆಯ ಮೇಲೆ ಕೂತಿದ್ದಳು. ಸೆರಗನ್ನು ಪೂರ್ತಿ ಸರಿಸಿ, “ಬೆಂಕಿ ಹಚ್ಚತಾಳಂತ ಊರವರು ಕಿತ್ತಾರ ನೋಡು” ಎಂದು ಬಾಯಿ ತೆರೆದು ತೋರಿಸಿದಳು. ನಬಿಲಾಲ ಒಂದು ಹೆಜ್ಜೆ ಹಿಂದೆ ಸರಿದ. ಹುಡುಗಿ ಮಾತ್ರ ಹತ್ತಿರ ಬಂದು ಬಗ್ಗಿ ನೋಡಿದಳು.

“ಭಾಳ ನೋವಾತೇನ, ಅಜ್ಜಿ?”

“ನೋವಾತು. ಆದ್ರ ಆ ಬೆಂಕಿ ಯಾಕ ಹತ್ತತೈತಿ ಅನ್ನೂದು ಗೊತ್ತಿಲ್ಲದ ಕುಂತಿದ್ನೆಲ್ಲ, ಅದು ಇದಕ್ಕಿಂತಾ ಹೆಚ್ಚು ನೋವಾತು.”

ಮೆಹರಾಜ ಅಪ್ಪನ ಕಡೆ ತಿರುಗಿದಳು. “ನೀ ಹೋಗಪಾ. ನನಗ ಸಾಲಿ ಹೊತ್ತಾತು.”