ಹಳದಿ ಪಟ್ಟಿ

ಬಡ ಕ್ಯಾನ್ಸರ್ ರೋಗಿಗಳ ಚಿಕಿತ್ಸೆಗೆ ಹಣ ಕೂಡಿಸಲು ಒಂದು ಬೆಳಿಗ್ಗೆ ನವನಗರದಿಂದ ಹುಬ್ಬಳ್ಳಿಯ ಕಡೆಗೆ ನಡಿಗೆ ಇಟ್ಟುಕೊಂಡಿದ್ದರು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ನಮಗೆಲ್ಲ ಬಿಳಿ ಟೋಪಿ. ರೋಗದಿಂದ ಪಾರಾದವರಿಗೆ ಮಾತ್ರ ಹೆಗಲಿನಿಂದ ಸೊಂಟಕ್ಕೆ ಇಳಿಯುವ ಹಳದಿ ಪಟ್ಟಿ. ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಗೆದ್ದವರು'.

ನಾನೂ ಗೆದ್ದವಳೇ. ನಾಲ್ಕು ವರ್ಷದ ಹಿಂದೆ ನನ್ನ ಎಡಮೊಲೆ ತೆಗೆದಿದ್ದರು. ಆದರೆ ನಮ್ಮತ್ತೆ ಊರಿಗೆಲ್ಲ ಹೇಳಿದ್ದು ಗರ್ಭಚೀಲದ ಆಪರೇಷನ್ ಎಂದು. "ಮನ್ಯಾಗ ಲಗ್ನಕ್ಕ ಬಂದ ಹುಡುಗಿ ಅದಾಳ, ಬಾಯಿ ಬಿಟ್ಟಿಯಂದ್ರ ನೋಡು," ಎಂದಿದ್ದರು. ನಾನು ಬಾಯಿ ಬಿಡಲಿಲ್ಲ. ಕೂದಲು ಉದುರಿದಾಗ ತಿರುಪತಿಗೆ ಮುಡಿ ಕೊಟ್ಟೆನೆಂದೆ. ಈಗ ಮಗಳ ಲಗ್ನ ನಿಶ್ಚಯವಾಗಿ ತಿಂಗಳಾಗಿತ್ತು. ಬೀಗತಿಯಾಗುವವರು ಪುಣ್ಯದ ಕೆಲಸವೆಂದು ಆ ದಿನ ನನ್ನ ಜೊತೆಗೇ ನಡೆಯಲು ಬಂದಿದ್ದರು. ಹಾಗಾಗಿ ನಾನೂ ಬಿಳಿ ಟೋಪಿಯವಳು.

ಪಟ್ಟಿ ಹಾಕಿಕೊಂಡವರಲ್ಲಿ ಒಬ್ಬಳ ಗುರುತು ಸಿಕ್ಕಿತು. ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದವಳು. ವಾಂತಿ ಮಾಡಿಕೊಂಡು ಅಳುತ್ತಿದ್ದಾಗ ನಾನೇ ಬೆನ್ನು ಸವರಿ, ಮೂಗಿಗೆ ನಿಂಬೆಹಣ್ಣು ಹಿಡಿದಿದ್ದೆ. ಈಗ ನೋಡಿದರೆ ಮುಂದಿನ ಸಾಲಿನಲ್ಲಿ ಮಹಾರಾಣಿ! ಜನ ಚಪ್ಪಾಳೆ ಹೊಡೆದರು, ಯಾರೋ ಮಾಲೆ ಹಾಕಿದರು, ಅವಳ ಗಂಡ ನೀರಿನ ಬಾಟಲಿ ಹಿಡಿದು ಬೆನ್ನಿಗೇ ನಡೆದ. ನನ್ನ ಗಂಡ ಆ ರೋಗದ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿದವರಲ್ಲ. ಹೊಟ್ಟೆ ಉರಿದುಹೋಯಿತು. ಸುಳ್ಳು ಯಾಕೆ, ಆ ಪಟ್ಟಿ ಕಸಿದುಕೊಳ್ಳಬೇಕು ಅನ್ನಿಸಿತು. ಸಂಕಟ ಇಬ್ಬರದೂ, ಚಪ್ಪಾಳೆ ಮಾತ್ರ ಅವಳೊಬ್ಬಳಿಗೆ.

ನೀರು ಕುಡಿಯಲು ಎಲ್ಲರೂ ನಿಂತಾಗ ಅವಳು ನನ್ನನ್ನು ನೋಡಿಬಿಟ್ಟಳು. ಓಡಿಬಂದು ಎರಡೂ ಕೈ ಹಿಡಿದಳು.

"ಅಕ್ಕಾರ! ನೀವೂ ಆರಾಮ ಆದ್ರೇನ್ರಿ? ಪಟ್ಟಿ ಯಾಕ ಹಾಕ್ಕೊಂಡಿಲ್ರಿ?"

ಬೀಗತಿ ತಿರುಗಿ ನನ್ನ ಮುಖ ನೋಡಿದರು.

"ಯಾರ್ರಿ ನೀವು? ನನಗ ಗುರ್ತು ಸಿಗವಲ್ದು," ಅಂದೆ.

ಅವಳು ನನ್ನನ್ನೊಮ್ಮೆ, ಬೀಗತಿಯನ್ನೊಮ್ಮೆ ನೋಡಿದಳು. ಮೆಲ್ಲಗೆ ಕೈ ಬಿಟ್ಟಳು.

"ತಪ್ಪಾತ್ರಿ. ದವಾಖಾನ್ಯಾಗ ನನ್ನ ಬಾಜೂಕ ಒಬ್ಬ ಅಕ್ಕಾರಿದ್ರು, ಥೇಟ್ ನಿಮ್ಮಂಗ. ನನಗ ಭಾಳ ಮಾಡ್ಯಾರ. ಪಾಪ, ಅವರು ಉಳದಿಲ್ಲಂತ ಕಾಣಸ್ತದ."

ಪಟ್ಟಿ ಸರಿಮಾಡಿಕೊಂಡು ಮುಂದಿನ ಸಾಲಿಗೆ ಹೋದಳು.

"ಪಾಪ," ಅಂದರು ಬೀಗತಿ.

ನಾನೂ "ಪಾಪ" ಅಂದೆ.