ಹೋಳಿಗೆಯ ಕಣಕದಲ್ಲಿ ಮೀನು ಹಿಡಿಸಿದ ಮಂಜಣ್ಣ

ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ...
ವಾಟ್ಸಾಪ್ ಗ್ರೂಪಿನಲ್ಲಿ ಮಂಜಣ್ಣನ ಶ್ರದ್ಧಾಂಜಲಿ ಫೋಟೋ ನೋಡಿದರೂ ನಂಬದೆ ಅವರ ನಂಬರಿಗೇ ಕಾಲ್ ಮಾಡಿದೆ.
ಎತ್ತಿದ್ದು ಅವರ ತಮ್ಮ.
"ಹೌದಕ್ಕಾ... ಬೆಳಗ್ಗೆ ಹಾರ್ಟ್ ಅಟ್ಯಾಕ್ ಆತು."

ಹೊಸನಗರದ ನಮ್ಮ ಆಫೀಸಿನ ಮಂಜಣ್ಣ, ನಮ್ಮ ಬೀದಿಯ ಮಕ್ಕಳಿಗೆಲ್ಲ ಗಾಳ ಹಾಕಲು ಕಲಿಸಿದ ಮಂಜಣ್ಣ, ಇನ್ನಿಲ್ಲ.
ಮಗಳು ಇನ್ನೂ ಶಾಲೆಯಲ್ಲಿದ್ದಾಳೆ.
ಅವಳಿಗೆ ಹೇಗೆ ಹೇಳಲಿ ಎಂಬುದೊಂದೇ ತಲೆಯಲ್ಲಿ...

ಭಾನುವಾರ ಬಂದರೆ ಸಾಕು, ಮಕ್ಕಳ ದಂಡು ಕಟ್ಟಿಕೊಂಡು ಹಿನ್ನೀರಿಗೆ ಹೊರಡುತ್ತಿದ್ದರು.
ರಾಡ್, ರೀಲ್ ಏನೂ ಇಲ್ಲ. ಬಿದಿರ ಕೋಲು, ನೈಲಾನ್ ದಾರ, ಹವಾಯಿ ಚಪ್ಪಲಿ ಕತ್ತರಿಸಿ ಮಾಡಿದ ಬೆಂಡು.
ಗಾಳಕ್ಕೆ ಸಿಕ್ಕಿಸುವ ಎರೆಗೆ ಮಾತ್ರ ಒಂದು ರೂಲ್ಸ್.
"ಅಂಗಡೀದು ಎಂತದೂ ಬ್ಯಾಡ. ಅವರವರ ಮನೇದು ಅವರವರೇ ಆರಿಸ್ಕೊಂಡ್ ಬನ್ನಿ."

ಒಂದು ಭಾನುವಾರ ಒಬ್ಬ ಗೊಬ್ಬರಗುಂಡಿಯ ಹುಳ ತಂದ, ಇನ್ನೊಬ್ಬಳು ಅನ್ನದ ಉಂಡೆ.
ನನ್ನ ಮಗಳು... ಅಕ್ಕನ ಮನೆಯವರು ಊಟಕ್ಕೆ ಬರುತ್ತಾರೆಂದು ಹೋಳಿಗೆಗೆ ನೆನೆಸಿಟ್ಟ ಕಣಕವನ್ನೇ ಡಬ್ಬಿಗೆ ತುಂಬಿಕೊಂಡು ಹೋಗಿದ್ದಳು!

ಮಂಜಣ್ಣ, ಎಣ್ಣೆ ಅರಿಶಿನ ನೋಡಿದ ಕೂಡಲೇ ಅದು ಹೋಳಿಗೆಯ ಕಣಕ ಅಂತ ನಿಮಗೆ ಗೊತ್ತಾಗಿತ್ತು.
ಆದರೂ ಮಗುವನ್ನು ವಾಪಸ್ ಕಳಿಸಲಿಲ್ಲ ನೀವು...
ನಮ್ಮ ಯಜಮಾನರು ಎರೆಗೆಂದು ಶಿವಮೊಗ್ಗದಿಂದ ತಂದ ಮಿರಮಿರ ಮಿಂಚುವ ಪ್ಲಾಸ್ಟಿಕ್ ಮೀನು, ನೀರಿನಡಿಯ ಮರದ ಬೊಡ್ಡೆಗೆ ಸಿಕ್ಕಿ ಅಲ್ಲೇ ಉಳಿಯಿತು.
ಕಣಕ ಮಾತ್ರ ಕರಗದೆ ಗಾಳಕ್ಕೆ ಅಂಟಿ ಕೂತಿತ್ತು. ಜಿಲೇಬಿ ಮೀನುಗಳು ಒಂದರ ಹಿಂದೆ ಒಂದು ಬಿದ್ದವಂತೆ.
ಮಧ್ಯಾಹ್ನ ಮೀನಿನ ಚೀಲ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿರಿ.
"ಬೈಬ್ಯಾಡ ಮಾರಾಯ್ತಿ. ಹೂರಣ ಹಂಗೇ ಇದ್ಯಲ್ಲ, ಹಾಲು ಹಾಕು, ಪಾಯಸ ಆತು. ಸಾರಿಗೆ ಮೀನು ನಾ ತಂದಿದೀನಿ."
ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟೆ.
ಅಂಥ ಊಟ ಮತ್ತೆ ಆಗಲೇ ಇಲ್ಲ ಅನ್ನುತ್ತಾಳೆ ಅಕ್ಕ.

ದುಃಖ ಇದೆ ಮಂಜಣ್ಣ... ಆದರೆ ನಿಮ್ಮನ್ನು ನೆನೆದರೆ ನಗುವೇ ಮೊದಲು ಬರುತ್ತದೆ.

ಇಷ್ಟು ಟೈಪ್ ಮಾಡುವಷ್ಟರಲ್ಲಿ ಮಗಳು ಬಂದಳು. ಹೇಳಿದೆ.
ತುಂಬಾ ಅತ್ತಳು...
ಆಮೇಲೆ, "ಇನ್ಮೇಲೆ ನಮ್ಮನ್ನ ಯಾರು ಕರ್ಕೊಂಡ್ ಹೋಗ್ತಾರೆ ಅಮ್ಮ?"
"ನಾನೇ" ಅಂದುಬಿಟ್ಟೆ.
"ನೀನಾ? ಎರೆಹುಳ ಕಂಡ್ರೆ ಕೂಗ್ಕೊಳ್ತೀಯಲ್ಲ!"
"ಎಂತ ಮಾಡೋದು... ಕಲೀತೀನಿ."
ಮೂಗು ಒರೆಸಿಕೊಂಡಳು.
"ಮಂಜ ಮಾಮ ನಂಗೂ ಮೊದ್ಲು ಗಾಳಕ್ಕೆ ಹುಳ ಚುಚ್ಚಿ ಕೊಡ್ತಿದ್ರು. ನೀ ಕಲಿಯೋ ತನಕ ನಾ ಚುಚ್ಚಿ ಕೊಡ್ತೀನಿ ಬಿಡು."

ನಿಶ್ಚಿಂತೆಯಿಂದ ಹೋಗಿ ಬನ್ನಿ ಮಂಜಣ್ಣ...
ನಿಮ್ಮ ಜೀವ ತಣ್ಣಗಿರಲಿ. 🙏